ಬಾಗಿಲಿಲ್ಲದ ಶಾಲೆಯ ನಕಾಶೆ

ನಮ್ಮ ಶಾಲೆಯಲ್ಲಿ ಪ್ರಾಜೆಕ್ಟ್ ಎಂಬ ಮಾತು ಇರಲಿಲ್ಲ. ಮಾಸ್ತರರು ಅದನ್ನು ಕೈಪಾಠ ಎನ್ನುತ್ತಿದ್ದರು. ಪುಸ್ತಕ ನೋಡಿ ಕಲಿಯುವುದು ಬಾಯಿಪಾಠ, ಅಂಗಳಕ್ಕಿಳಿದು ಮಾಡುವುದು ಕೈಪಾಠ. ಮೊನ್ನೆ ನೀವು ಮೊಮ್ಮಕ್ಕಳು ಪಡಸಾಲೆಯ ತುಂಬ ರಟ್ಟು, ಗೋಂದು, ಬಣ್ಣದ ಕಾಗದ ಹರವಿಕೊಂಡು ಕುಳಿತು, “ಆಯಿ, ನಿಮ್ಮ ಸಾಲ್ಯಾಗೂ ಪ್ರಾಜೆಕ್ಟ್ ಇದ್ವೇನು?” ಎಂದು ಕೇಳಿದಿರಿ. ಇದ್ದವು ಎಂದಷ್ಟೇ ಹೇಳಿ ಒಳಗೆ ಹೋದೆ. ನಾಲ್ಕು ಮಂದಿ ಕೂತು ಕೇಳುವಾಗ ಹೇಳುವುದು ನನಗೆ ಈಗಲೂ ಆಗುವುದಿಲ್ಲ. ಬರೆದರೆ ನಿಧಾನವಾಗಿ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಸೇಡಂ ಮತ್ತು ಚಿತ್ತಾಪುರದ ನಡುವೆ. ಬೆಳಿಗ್ಗೆ ಬಂಡಿ ಹೂಡಿದರೆ ಮಧ್ಯಾಹ್ನದೊಳಗೆ ಸೇಡಂ ಸಂತೆ ಸೇರಬಹುದಿತ್ತು. ನಿಜಾಮರ ಆಳಿಕೆ ಹೋಗಿ ಕೆಲವೇ ವರ್ಷಗಳಾಗಿದ್ದವು. ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂದಿತ್ತು. ನಮ್ಮ ಮಾಸ್ತರರು ಚಿಂಚೋಳಿ ಕಡೆಯವರು, ಇನ್ನೂ ಹರೆಯದವರು. ಅವರು ಕಲಿತದ್ದೆಲ್ಲ ಉರ್ದುವಿನಲ್ಲಿ, ನಮಗೆ ಕಲಿಸಬೇಕಾದದ್ದು ಕನ್ನಡದಲ್ಲಿ. ಕರಿಹಲಗೆಯ ಮೇಲೆ ಒಂದೊಂದೇ ಅಕ್ಷರವನ್ನು ದುಂಡಗೆ, ಜೋಪಾನವಾಗಿ ಬರೆಯುತ್ತಿದ್ದರು. ಲೆಕ್ಕ ಕೂಡಿಸುವಾಗ ಮಾತ್ರ ತುಟಿಯೊಳಗೆ “ಪಾಂಚ್, ಛೇ, ಸಾತ್” ಎನ್ನುವುದು ನಮಗೆ ಕೇಳುತ್ತಿತ್ತು. ಕೂಡಿಸಿದ ಮೇಲೆ ನಮ್ಮ ಕಡೆ ತಿರುಗಿ ಉತ್ತರವನ್ನು ಕನ್ನಡದಲ್ಲಿ ಹೇಳುತ್ತಿದ್ದರು. ತಾವೂ ಕಲಿಯುತ್ತಿರುವವರೇ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಅವರನ್ನು ಕಂಡರೆ ನಮಗೆ ಹೆದರಿಕೆ ಇಲ್ಲದಿದ್ದುದು ಅದಕ್ಕೇ ಇರಬೇಕು.

ಶಾಲೆ ಎಂದರೆ ಎರಡು ಖೋಲಿ, ಹಿಂದೆ ಗೋಡೆ ಸುತ್ತಿದ ಅಂಗಳ. ಅದರ ಬಾಗಿಲು ಊರ ಚಾವಡಿಗೆ ಎದುರಾಗಿತ್ತು. ಚಾವಡಿಯ ಕಟ್ಟೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಊರ ಹಿರಿಯರು ಕೂತಿರುತ್ತಿದ್ದರು. ಹೆಂಗಸರು ಅವರ ಮುಂದೆ ಹಾಯುತ್ತಿರಲಿಲ್ಲ. ನೀರಿಗೆ, ಹೊಲಕ್ಕೆ, ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ, ಎಲ್ಲಕ್ಕೂ ಹಿತ್ತಲ ಸಂದಿಗಳಿದ್ದವು. ಸಣ್ಣ ಹುಡುಗಿಯರಿಗೆ ಈ ಕಟ್ಟಳೆ ಇರಲಿಲ್ಲ. ಉಟ್ಟ ಲಂಗ, ನಮ್ಮ ಕಡೆಯ ಪರಕಾರ, ಪಾದ ಮುಟ್ಟುವಷ್ಟು ಬೆಳೆದಳೆಂದರೆ ಮಾತ್ರ ಚಾವಡಿಯ ದಾರಿ ಮುಗಿಯುತ್ತಿತ್ತು. ಚಾವಡಿಯ ದಾರಿ ಮುಗಿದರೆ ಶಾಲೆಯೂ ಮುಗಿಯಿತು, ಏಕೆಂದರೆ ಶಾಲೆಗೆ ಬೇರೆ ದಾರಿ ಇರಲಿಲ್ಲ. ನನ್ನ ಕಾಕಾನ ಮಗಳು, ನಾನು ಅಕ್ಕ ಎನ್ನುತ್ತಿದ್ದವಳು, ಹಾಗೆಯೇ ಮೂರನೆಯ ತರಗತಿಗೆ ಬಿಟ್ಟಿದ್ದಳು.

ನಾನು ನಾಲ್ಕನೆಯ ತರಗತಿಗೆ ಬಂದ ವರ್ಷ ದಸರೆಯ ಹೊತ್ತಿಗೆ ಅವ್ವ ಹೊಸ ಪರಕಾರ ಹೊಲಿಸಿದಳು. ಬೆಳೆಯುವ ಹುಡುಗಿ ಎಂದು ಉದ್ದ ಬಿಡಿಸಿದ್ದಳು. ಅದನ್ನು ಉಟ್ಟು ನಾನು ಅಜ್ಜನ, ನಮ್ಮ ಮುತ್ಯಾನ, ಕಾಲಿಗೆ ಬಿದ್ದೆ. ಮುತ್ಯಾ ನನ್ನ ಹಣೆಗೆ ವಿಭೂತಿ ಹಚ್ಚಿ, ಸ್ವಲ್ಪ ಹೊತ್ತು ನೋಡಿ, ಅವ್ವನ ಕಡೆ ತಿರುಗಿದರು.

“ದೊಡ್ಡಾಕಿ ಕಾಣಾಕತ್ತಾಳಲ್ಲವ್ವಾ. ಚಾವಡಿ ಮುಂದ ಮಂದಿ ಕುಂತಿರತಾರ. ದಿನಾ ಅವರ ಎದುರ ಹಾಯೋದು ಚಂದ ಅಲ್ಲ. ಎಳ್ಳಮಾಸಿ ತನಕ ಹೋಗಲಿ. ಆಮ್ಯಾಲ ಸಾಕು.”

“ನಾಕನೇತ್ತ ಮುಗಿಸಿದ್ರ ಛಲೋ ಇತ್ರಿ ಮಾವಾರ,” ಎಂದಳು ಅವ್ವ, ಸೆರಗಿನೊಳಗಿಂದಲೇ.

“ನಾಕನೇತ್ತ ಮುಗಿಯೂದು ಬ್ಯಾಸಿಗ್ಯಾಗ. ಅಲ್ಲಿತನಕ ಇಕಿ ಇನ್ನೊಂದ ಗೇಣ ಬೆಳೀತಾಳ.”

ಅಪ್ಪ ಅಲ್ಲೇ ಹಗ್ಗ ಹೊಸೆಯುತ್ತ ಕೂತಿದ್ದರು. ಮುತ್ಯಾ ಹೇಳಿದ ಮೇಲೆ ಅವರು ಎಂದೂ ಮಾತು ಬೆಳೆಸಿದವರಲ್ಲ. ಮುತ್ಯಾ ಕೆಟ್ಟವರಲ್ಲ. ಊಟಕ್ಕೆ ಕೂತರೆ ರೊಟ್ಟಿಯ ಮೇಲಿನ ಬೆಣ್ಣೆಯನ್ನು ನನ್ನ ತಾಟಿಗೆ ಸರಿಸುವವರು. ಅವರ ಮಾತು ಸುಳ್ಳೂ ಆಗಿರಲಿಲ್ಲ. ನನಗೇ ಆ ಚಾವಡಿ ಎಂದರೆ ಅಂಜಿಕೆ. ಬರೆಯುವ ಪಾಟಿಯನ್ನು ಎದೆಗೆ ಅವಚಿಕೊಂಡು, ಕಣ್ಣು ನೆಲಕ್ಕೆ ಹಾಕಿ ಓಡಿಬಿಡುತ್ತಿದ್ದೆ. ಆದರೆ ಶಾಲೆ ಬಿಡುವುದೆಂದರೆ ನಾಲ್ಕನೆಯದು ಅರ್ಧಕ್ಕೇ ನಿಲ್ಲುತ್ತದೆ, ಅದೂ ಕೈಪಾಠ ಶುರುವಾದ ವರ್ಷವೇ.

ಕೈಪಾಠಗಳಲ್ಲಿ ಮೊದಲು ಬಂದದ್ದು ಬೀಜದ್ದು. ಒಡಕು ಮಡಕೆಯ ಚೂರುಗಳಲ್ಲಿ ಎರೆಮಣ್ಣು ತುಂಬಿ ತೊಗರಿ ಊರಿದೆವು. ಒಂದು ಚೂರನ್ನು ಬಿಸಿಲಿಗೆ, ಒಂದನ್ನು ಖೋಲಿಯ ಮೂಲೆಗೆ, ಒಂದನ್ನು ಕಿಟಕಿಯ ಹತ್ತಿರ ಇಟ್ಟೆವು. ಹುಡುಗರು ತಮ್ಮ ಸಸಿ ಮೊದಲು ಬರಲಿ ಎಂದು ಹೊತ್ತು ಹೊತ್ತಿಗೆ ನೀರು ಹಾಕಿ ಕೊಳೆಸಿದರು. ಕಿಟಕಿಯ ಹತ್ತಿರದ ನನ್ನ ಸಸಿ ಹೊರಗಿನ ಬೆಳಕಿನ ಕಡೆ ಕತ್ತು ಚಾಚಿತು. ಮಡಕೆಯ ಚೂರನ್ನು ತಿರುಗಿಸಿಟ್ಟರೆ ಎರಡು ದಿನದಲ್ಲಿ ಮತ್ತೆ ಅದೇ ಕಡೆ. ನಾನು ಅದನ್ನು ದಿನವೂ ನೋಡುತ್ತಿದ್ದೆ. ಗಿಡಕ್ಕೆ ಬೆಳಕು ಬೇಕು ಎಂಬ ಸಾಲು ಪುಸ್ತಕದಲ್ಲಿಯೂ ಇತ್ತು. ಆದರೆ ಅದು ಹೀಗೆ ಹಟ ಹಿಡಿಯುತ್ತದೆ ಎಂದು ಪುಸ್ತಕದಲ್ಲಿ ಇರಲಿಲ್ಲ.

ಗಣಿತದ್ದು ಅಳತೆ. ಶಾಲೆಯ ಅಂಗಳವನ್ನು ಗೇಣಿನಿಂದ ಅಳೆಯಲು ಹೇಳಿದರು. ಒಬ್ಬೊಬ್ಬರದು ಒಂದೊಂದು ಅಳತೆ ಬಂದು ಜಗಳವೇ ಆಯಿತು. “ನಿನ ಗೇಣ ಕಪ್ಪಿ ಗೇಣ!” “ನಿಂದು ಒಂಟಿ ಗೇಣ!” ಎಂದು ಕಪ್ಪೆ, ಒಂಟೆಗಳ ಹೆಸರಿನಲ್ಲಿ ಕೂಗಾಟ. ಮಾಸ್ತರರು ನಗುತ್ತ ಒಂದು ತೊಗರಿ ಕಟ್ಟಿಗೆಯನ್ನು ಮುರಿದು, “ಇನ್ನ ಇದು ಎಲ್ಲಾರ್ದೂ ಕೈ,” ಎಂದರು. ಅಡಿ, ಗಜಗಳು ಏಕೆ ಹುಟ್ಟಿದವು ಎಂದು ನನಗೆ ಅಂದು ತಿಳಿಯಿತು. ಮುಂದೆ ಶಹಾಬಾದಿನಲ್ಲಿ ಸಂಸಾರ ಮಾಡುವಾಗ ಮನೆಗೆ ಫರಸಿ ಕಲ್ಲು ಹಾಸಿಸಿದೆವಲ್ಲ, ಆಗ ಕೋಣೆಯನ್ನು ಕೋಲಿನಿಂದ ಅಳೆದು ಕಲ್ಲು ಎಷ್ಟು ಬೇಕೆಂದು ನಾನೇ ಹೇಳಿದ್ದೆ. ನನ್ನ ಯಜಮಾನರು ಬೆರಗಾಗಿ ನೋಡಿದ್ದರು. ಎಲ್ಲಿ ಕಲಿತೆ ಎಂದು ಕೇಳಿದರೂ ಹೇಳಲಿಲ್ಲ, ನಕ್ಕುಬಿಟ್ಟೆ. ಈಗ ಅವರಿಲ್ಲ. ಹೇಳಬಹುದಿತ್ತು ಅನಿಸುತ್ತದೆ.

ಭಾಷೆಯ ಪಾಠಕ್ಕೆ ಮನೆಯಿಂದ ಒಂದು ಬೀಸುವ ಹಾಡು ಬರೆದು ತರಬೇಕಿತ್ತು. ಅವ್ವ ಬೀಸುತ್ತ ಹಾಡಿದಳು, ನಾನು ಪಾಟಿಯ ಮೇಲೆ ಬರೆದುಕೊಂಡೆ. ಚಾವಡಿ ದಾಟುವಾಗ ಪಾಟಿ ಎದೆಗೆ ಒತ್ತಿ, ಬೆವರಿಗೆ ಅರ್ಧ ಹಾಡು ಅಳಿಸಿ ಮೈಮೇಲಿನ ಪೋಲಕಕ್ಕೆ ಹತ್ತಿತ್ತು. ಮಾಸ್ತರರು ಪಾಟಿ ನೋಡಿ, ನನ್ನ ಪೋಲಕ ನೋಡಿ, “ಉಳದ ಹಾಡ ನಾಳಿ ತಗೊಂಡ ಬಾರವ್ವಾ. ಅವಸರ ಇಲ್ಲ,” ಎಂದರು. ಅವಸರ ನನಗಿತ್ತು. ಎಳ್ಳಮಾಸಿ, ಎಂದರೆ ಎಳ್ಳು ಅಮಾವಾಸ್ಯೆ, ಹತ್ತಿರ ಬರುತ್ತಿತ್ತು.

ಭೂಗೋಳದ ಕೈಪಾಠ ಬಂದದ್ದು ಆಗ. ಅಂಗಳದ ನೆಲದ ಮೇಲೆ ನಮ್ಮೂರಿನ ನಕಾಶೆ ಮಾಡಬೇಕು, ಹುಡುಗರದೊಂದು, ಹುಡುಗಿಯರದೊಂದು. ಮಾಡಿ ಮುಗಿದ ಮೇಲೆ ಊರ ಹಿರಿಯರನ್ನು ಕರೆದು ತೋರಿಸುವುದು ಎಂದರು. ಜೊತೆಗೆ ಒಂದು ಕರಾರು ಹಾಕಿದರು.

“ಯಾರಿಗೂ ಕೇಳಿ ಮಾಡೂದಲ್ಲ. ನೀವು ನಡದದ್ದು, ಕಣ್ಣಲೇ ನೋಡಿದ್ದು, ಅಷ್ಟೇ ಹಾಕಬೇಕು. ಮಾಡೂತನಕ ಒಬ್ಬರದೊಬ್ಬರು ನೋಡಂಗಿಲ್ಲ.”

ನಾವು ಐದು ಮಂದಿ ಹುಡುಗಿಯರು ಹಿಂದಿನ ಗೋಡೆಯ ಹತ್ತಿರ ಕೂತೆವು. ಎರೆಮಣ್ಣು ಕಲಸಿ ಮನೆಗಳನ್ನು ಮಾಡಿದೆವು. ತೊಗರಿ ಕಟ್ಟಿಗೆ ಜೋಡಿಸಿ ಸಂದಿಗಳನ್ನು ಎಳೆದೆವು. ಫರಸಿಯ ಚಿಕ್ಕ ಚೂರುಗಳನ್ನು ನಿಲ್ಲಿಸಿದರೆ ಗೋಡೆ. ಬಾವಿಗೆ ತೆಂಗಿನ ಚಿಪ್ಪು. ನಾನು ಮಾತಾಡದಿದ್ದರೂ ಕೈ ನಿಲ್ಲುತ್ತಿರಲಿಲ್ಲ. ಯಾವ ಹಿತ್ತಲಿನಿಂದ ಯಾವ ಸಂದಿಗೆ ಬೀಳಬಹುದು, ಎಲ್ಲಿ ಬೇಲಿ, ಎಲ್ಲಿ ನಾಯಿ, ಎಲ್ಲವೂ ಕಾಲಿಗೆ ಗೊತ್ತಿತ್ತು. ನಮ್ಮ ಮನೆಯ ಜೋಳದ ಕಣಿಕೆಯ ಬಣವಿಗಳಿದ್ದ ಜಾಗವನ್ನು ನಾನೇ ಮಾಡಿದೆ. ದಿನವೂ ಒಲೆಗೆ ಸೆಗಣಿಯ ಕುಳ್ಳು ತರಲು ಅಲ್ಲಿಗೆ ಹೋಗುತ್ತಿದ್ದೆ. ಬಣವಿಯ ಹಿಂದಿನ ಗೋಡೆಯಾಚೆಯಿಂದ, ಗಂಟೆಗೆ ಮೊದಲೇ ಬಂದ ಹುಡುಗರು ಮಗ್ಗಿ ಹೇಳುವುದು ಕೇಳುತ್ತಿತ್ತು, ಏಕೆಂದರೆ ಅದು ಶಾಲೆಯ ಅಂಗಳದ ಗೋಡೆಯೇ. ಶಾಲೆ ಬಿಡಿಸಿದ ಮೇಲೆ ಅಕ್ಕ ಅಲ್ಲಿ ಕುಳ್ಳು ತಟ್ಟುತ್ತ, ಒಳಗಿನ ಹುಡುಗರು ತಪ್ಪಿದರೆ ಸರಿಯಾದದ್ದನ್ನು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಹಾಗಾಗಿ ಬಣವಿಗೆ ಹಚ್ಚಿ ಉದ್ದನೆಯ ಗೋಡೆ ನಿಲ್ಲಿಸಿ, ಗೋಡೆಯಾಚೆ ಶಾಲೆಯನ್ನು ಇಟ್ಟೆವು.

ಎರಡೂ ನಕಾಶೆ ಮುಗಿದ ಮೇಲೆ ಹುಡುಗರು ನಮ್ಮದನ್ನು ನೋಡಲು ಬಂದರು. ಅವರದು ಊರ ಹೆಬ್ಬಾಗಿಲ ಅಗಸಿಯಿಂದ ಶುರುವಾಗಿ, ದೊಡ್ಡ ರಸ್ತೆ, ಹಣಮಂದೇವರ ಗುಡಿ, ಕಿರಾಣಿ ಅಂಗಡಿ, ಚಾವಡಿ, ಶಾಲೆ ಎಂದು ನೆಟ್ಟಗೆ ಸಾಗಿತ್ತು. ನಮ್ಮದರಲ್ಲಿ ಅಗಸಿ ಇರಲಿಲ್ಲ. ದೊಡ್ಡ ರಸ್ತೆಯೇ ಇರಲಿಲ್ಲ.

“ಏ, ಇದು ಊರಲ್ಲಲೇ, ದನದ ಹಾದಿ!” ಎಂದ ಒಬ್ಬ.

“ಚಾವಡಿ ಎಲ್ಲದ? ಬೆಕ್ಕ ಒಯ್ತೇನು?”

“ಸಾಲಿ ನೋಡ್ರಿ, ಸಾಲಿ! ಬಾಗಲಾನೇ ಇಲ್ಲ! ಇವ್ರು ಹಾರಿ ಬರತಾರೇನೋ!”

ನನ್ನ ಗೆಳತಿ ಒಬ್ಬಳು ಬಾಯಿ ಜೋರಿನವಳು. “ನಿಮ್ಮ ಊರಾಗ ಬಾವಿ ಎಲ್ಲದ? ಏನ ಕುಡಿತೀರಿ, ಬೀಡಿ ಹೊಗಿ?” ಎಂದು ತಿರುಗಿ ಕೊಟ್ಟಳು. ನೋಡಿದರೆ ಹೌದು, ಹುಡುಗರ ನಕಾಶೆಯಲ್ಲಿ ಬಾವಿ ಇರಲಿಲ್ಲ.

ಮಾಸ್ತರರು ನಮ್ಮ ನಕಾಶೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡಿದರು. ನನ್ನನ್ನೇ ಕೇಳಿದರು.

“ಬಾಗಲಾ ಎಲ್ಲದವ್ವಾ?”

“ಮುಂದಿನ ಕಡಿ ಅದರಿ,” ಎಂದೆ, ನನಗೇ ಕೇಳದಷ್ಟು ಸಣ್ಣಗೆ.

“ಮತ್ತ ಮುಂದಿನ ಕಡಿ ಯಾಕ ಮಾಡಲಿಲ್ಲ?”

“ಕಣ್ಣಲೇ ನೋಡಿದ್ದು ಅಷ್ಟೇ ಹಾಕ್ರಿ ಅಂದ್ರಲ್ರಿ. ನಾವು ಅಲ್ಲಿ ನೆಲ ನೋಡಕೋತ ಬರತೀವ್ರಿ.”

ಹುಡುಗರು ಮತ್ತೆ ನಕ್ಕರು. ಮಾಸ್ತರರು ನಗಲಿಲ್ಲ. ನಮ್ಮ ನಕಾಶೆಯನ್ನು ಕೆಡಿಸಿ ತಿದ್ದಿರಿ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು, “ಹಂಗಾದ್ರ ಇದು ಬರೋಬರಿ ಅದ. ಇದ್ದಂಗ ಇರಲಿ,” ಎಂದು ಎದ್ದರು.

ಮರುದಿನ ಹಿರಿಯರು ಬಂದರು. ಎದುರಿನ ಕಟ್ಟೆಯಿಂದ ಇಳಿದು ಬಂದರೆ ಆಯಿತು, ಅವರಿಗೇನು ದೂರ! ಮುತ್ಯಾನೂ ಕೋಲೂರಿ ಬಂದರು. “ಶರಣರಿ, ಬರ್ರಿ, ಬರ್ರಿ,” ಎಂದು ಮಾಸ್ತರರು ಎಲ್ಲರನ್ನೂ ಒಳಗೆ ಕರೆದರು. ನಾವು ಹುಡುಗಿಯರು ಕಂಬದ ಹಿಂದೆ ಸರಿದು ನಿಂತೆವು. ಹುಡುಗರ ನಕಾಶೆ ನೋಡಿ ಎಲ್ಲರಿಗೂ ಖುಷಿ. “ನಮ್ಮ ಕಟ್ಟಿ ನೋಡು, ಹೆಂಗ ಕಟ್ಯಾರ!” ಎಂದು ತಮ್ಮ ಚಾವಡಿಯನ್ನು ಒಬ್ಬರಿಗೊಬ್ಬರು ತೋರಿಸಿಕೊಂಡರು. ನಮ್ಮದರ ಹತ್ತಿರ ಬಂದಾಗ ಎಲ್ಲರೂ ಬಗ್ಗಿ ನೋಡಿದರು.

“ಇದ್ಯಾವೂರಪಾ?” ಎಂದರು ಒಬ್ಬರು.

“ಇದೂ ನಮ್ಮೂರೇರಿ ಯಜಮಾನ್ರ. ಹಿಂದಿಂದ ನೋಡಿದ್ದು,” ಎಂದರು ಮಾಸ್ತರರು.

ಉಳಿದವರು ನಕ್ಕು ಹೊರಟರು. ಮುತ್ಯಾ ಹೊರಡಲಿಲ್ಲ. ನಕಾಶೆಯ ಸುತ್ತ ನಿಧಾನವಾಗಿ ತಿರುಗಿದರು. ತಾವು ಹುಟ್ಟಿ ಬೆಳೆದ ಊರಿನಲ್ಲಿ ಆ ಸಂದಿಗಳಿಗೆ ಅವರು ಕಾಲಿಟ್ಟವರಲ್ಲ. ಬಣವಿಗೂ ಅವರು ಹೋಗುತ್ತಿದ್ದುದು ಊರ ಹೊರಗಿನ ಬಂಡಿ ದಾರಿಯಿಂದ. ಕೋಲಿನ ತುದಿಯನ್ನು ನಾನು ಮಾಡಿದ ಮಣ್ಣಿನ ಬಣವಿಗೆ ತಾಗದಂತೆ ಹಿಡಿದು, ಒಂದು ಸಲ ಅದನ್ನು, ಒಂದು ಸಲ ಫರಸಿ ಚೂರಿನ ಗೋಡೆಯನ್ನು ತೋರಿಸಿ ಏನೋ ಅಂದುಕೊಂಡರು. ಕಂಬದ ಹಿಂದಿದ್ದ ನನ್ನ ಕಡೆ ನೋಡಿದರೋ ಇಲ್ಲವೋ ಗೊತ್ತಾಗಲಿಲ್ಲ. ಹೊರಟುಹೋದರು.

ಎಳ್ಳಮಾಸಿ ಬಂತು. ಎಲ್ಲರೂ ಬಂಡಿಯಲ್ಲಿ ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಉಂಡೆವು. ಜೋಳ ಎದೆ ಮಟ್ಟ ನಿಂತಿತ್ತು. ತಿರುಗಿ ಬರುವಾಗ ನಾನು ಬಂಡಿಯಲ್ಲಿ ಮುತ್ಯಾನ ಪಕ್ಕ ಕೂತಿದ್ದೆ. ನಾಳೆಯಿಂದ ಪಾಟಿ ಚೀಲ ಯಾರಿಗೆ ಕೊಡುವುದು ಎಂದು ಯೋಚಿಸುತ್ತಿದ್ದೆ. ತಮ್ಮ ಇನ್ನೂ ತೊಟ್ಟಿಲಲ್ಲಿದ್ದ.

ಮುತ್ಯಾ ಇದ್ದಕ್ಕಿದ್ದಂತೆ ಕೇಳಿದರು. “ನಮ್ಮ ಬಣವಿ ಹಿಂದಿನ ಗ್ವಾಡಿ, ಅದು ಸಾಲಿದೇ? ಖರೇ ಏನು?”

“ಖರೇನ ಮುತ್ಯಾ. ಮಗ್ಗಿ ಕೇಳತಾವ.”

“ಎಷ್ಟ ಎತ್ತರ ಅದ?”

“ಅಕ್ಕ ನಿಂತ್ರ ತಲಿ ಕಾಣಂಗಿಲ್ಲ.”

ಮುತ್ಯಾ ಹೂಂ ಎಂದರು. ಆಮೇಲೆ ಎತ್ತುಗಳ ಬಗ್ಗೆ ಅಪ್ಪನೊಡನೆ ಮಾತಿಗೆ ಹೋದರು.

ಚಾವಡಿಯ ಮುಂದೆ ಒಂದು ಹುಡುಗಿ ಹಾದರೆ ಏನಾಗುತ್ತಿತ್ತು ಎಂದು ನೀವು ಕೇಳುತ್ತೀರಿ. ಏನೂ ಆಗುತ್ತಿರಲಿಲ್ಲ. ಇಂದು ನಾನೂ ಹಾಗೇ ಹೇಳುತ್ತೇನೆ. ಆದರೆ ಮುತ್ಯಾ ಆ ಕಟ್ಟೆಯ ಮೇಲೆ ಕೂತವರಲ್ಲಿ ಒಬ್ಬರು. ಬೇರೆ ಮನೆಯ ಹೆಣ್ಣುಮಕ್ಕಳಿಗೆ ಹೇಳಿದ್ದನ್ನು ತಮ್ಮ ಮೊಮ್ಮಗಳಿಗೆ ಮುರಿಯುವುದು ಅವರಿಂದ ಆಗದು. ಅವರ ಹಟವೂ ನನ್ನ ಆಸೆಯೂ ಒಂದೇ ಮನೆಯಲ್ಲಿ ಇರಬೇಕಿತ್ತು.

ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡಲಿಲ್ಲ. ಪಾಟಿ ಚೀಲ ಗೂಟದ ಮೇಲೂ ಇರಲಿಲ್ಲ. ಅವ್ವ ಎತ್ತಿಟ್ಟಿರಬೇಕು ಎಂದುಕೊಂಡು ಕೇಳಲಿಲ್ಲ. ಅವ್ವ ನನ್ನ ಮುಖ ನೋಡದೆ, “ಕುಳ್ಳು ತಗೊಂಡ ಬಾ,” ಎಂದು ಬುಟ್ಟಿ ಕೊಟ್ಟಳು.

ಬಣವಿಯ ಹತ್ತಿರ ಹೋದರೆ ಕಲ್ಲಿನ ಸದ್ದು. ಅಪ್ಪ ಗೋಡೆಗೆ ಹಚ್ಚಿ ಫರಸಿ ಕಲ್ಲುಗಳನ್ನು ಒಂದರ ಮೇಲೊಂದು ಮೆಟ್ಟಿಲಾಗಿ ಪೇರಿಸುತ್ತಿದ್ದರು. ಹಿತ್ತಲಿಗೆ ಹಾಸಲೆಂದು ತರಿಸಿಟ್ಟಿದ್ದ ದೊಡ್ಡ ಕಲ್ಲುಗಳು ಅವು. ಮುತ್ಯಾ ಕೋಲಿನಿಂದ ತೋರಿಸುತ್ತಿದ್ದರು. “ಅದು ಅಳ್ಳಾಡ್ತದ. ಕೆಳಗ ಕಲ್ಲಿನ ಚಿಪ್ಪ ಹಾಕು. ಹುಡುಗ್ಯಾರ ಕಾಲು ಸಣ್ಣವ ಇರತಾವ, ಪಾವಟಿಗಿ ಭಾಳ ಎತ್ತರ ಮಾಡಬ್ಯಾಡ.” ಗೋಡೆಯ ಮೇಲಿನಿಂದ ಮಾಸ್ತರರ ಮುಖ ಕಾಣುತ್ತಿತ್ತು. ಅವರು ಆಚೆ ಕಡೆ ಬೆಂಚಿನ ಮೇಲೆ ನಿಂತು, “ಈ ಕಡಿ ನಾ ಕಟ್ಟಿಸೀನ್ರಿ,” ಎನ್ನುತ್ತಿದ್ದರು.

ನಾನು ಬುಟ್ಟಿ ಹಿಡಿದು ನಿಂತೇ ಇದ್ದೆ. ಮುತ್ಯಾ ತಿರುಗಿ ನೋಡಿ ಗದರಿದರು.

“ಏನ ನೋಡ್ತಿ? ಚಾವಡಿ ಮುಂದ ಹಾಯಬ್ಯಾಡ ಅಂದಿದ್ದೆ. ಇಲ್ಲಿ ಚಾವಡಿ ಎಲ್ಲದ?”

ಕಣಿಕೆಯ ಸಂದಿಯಲ್ಲಿ ಕೈ ಹಾಕಿ ನನ್ನ ಪಾಟಿ ಚೀಲ ತೆಗೆದರು. ಒಳಗೆ ಗಂಟೆಯಾಯಿತು. ನಮ್ಮ ಶಾಲೆಯ ಗಂಟೆ ಎಂದರೆ ನೇತು ಹಾಕಿದ ರೈಲು ಹಳಿಯ ತುಂಡು.

“ಕುಳ್ಳು?” ಎಂದೆ. “ಅವ್ವ ದಾರಿ ಕಾಯ್ತಾಳ ಮುತ್ಯಾ.”

“ನಾ ಒಯ್ತೀನಿ. ನೀ ನಡಿ.”

ಅಷ್ಟರಲ್ಲಿ ಅಕ್ಕನೂ ಕುಳ್ಳು ತಟ್ಟಲು ಬಂದಿದ್ದಳು. ಕೈಯ ಸೆಗಣಿಯನ್ನು ಕಣಿಕೆಗೆ ಒರೆಸಿಕೊಂಡು ನನ್ನ ಹಿಂದೆ ಕಲ್ಲು ಹತ್ತಿದಳು. ಮುತ್ಯಾ ಕಾಣದವರಂತೆ ಆಕಾಶ ನೋಡಿದರು.

ಗೋಡೆಯ ಮೇಲೆ ನಿಂತು ನಾನು ಹಿಂತಿರುಗಿ ನೋಡಿದೆ. ಅಪ್ಪ ಹೊಲದ ಕಡೆ ಹೋಗಿದ್ದರು. ಮುತ್ಯಾ ಬುಟ್ಟಿ ತುಂಬಿಸಿ, ಹೆಗಲಿಗೇರಿಸಿ, ಬಂಡಿ ದಾರಿಯ ಕಡೆ ನಾಲ್ಕು ಹೆಜ್ಜೆ ಹಾಕಿ ನಿಂತುಬಿಟ್ಟರು. ಆ ದಾರಿ ಊರು ಸುತ್ತಿ ಚಾವಡಿಯ ಮುಂದೆಯೇ ಮನೆಗೆ ಹೋಗುತ್ತದೆ. ಅಲ್ಲಿ ಅವರ ಓರಿಗೆಯವರೆಲ್ಲ ಕೂತಿದ್ದಾರೆ. ಹೆಗಲ ಮೇಲೆ ಕುಳ್ಳಿನ ಬುಟ್ಟಿ ಹೊತ್ತು ಅವರ ಎದುರು ಹಾಯುವುದು ಹೇಗೆ? ತಿರುಗಿ ಬಂದು, ಕತ್ತೆತ್ತಿ ನನ್ನನ್ನು ನೋಡಿದರು.

“ಯವ್ವಾ, ಮನಿಗಿ ಸಂದಿ ಯಾವ ಕಡಿ ಅದ?”

“ಎಡಕ್ಕ ಹೊಳ್ಳು ಮುತ್ಯಾ!” ಎಂದು ಕೂಗಿದೆ. “ಅಲ್ಲಲ್ಲ, ಬೇವಿನ ಗಿಡದ ಮುಂದಲ್ಲ, ಹಿಂದ! ತೆಳಗ ಬಗ್ಗು, ಬೇಲಿ ಅದ! ನಾಯಿಗಿ ಕಲ್ಲ ತೋರಿಸಬ್ಯಾಡ, ಅದೇನ ಮಾಡಂಗಿಲ್ಲ!”

ಅಂಗಳದ ಹುಡುಗರೆಲ್ಲ ನನ್ನನ್ನೇ ನೋಡುತ್ತಿದ್ದರು. ಅದು ನನಗೆ ಆಮೇಲೆ ಗೊತ್ತಾಯಿತು. ಆಗ ನನ್ನ ಕಣ್ಣೆಲ್ಲ ಸಂದಿಯಲ್ಲಿ ತೂಗುತ್ತ ಹೋಗುವ ಬಿಳಿಯ ರುಮಾಲಿನ ಮೇಲಿತ್ತು. ಅದು ಒಂದು ತಿರುವಿನಲ್ಲಿ ನಿಂತಿತು, ಬಲಕ್ಕೆ ಹೊರಳಿತು, ತಪ್ಪಿತೆಂದು ತಿಳಿದು ಹಿಂದಕ್ಕೆ ಬಂದು, ಕೊನೆಗೆ ನಮ್ಮ ಹಿತ್ತಲ ಕಡೆ ಇಳಿಯಿತು. ಹಿತ್ತಲ ಬಾಗಿಲಲ್ಲಿ ಮಾವನವರನ್ನು ಕಂಡು ಅವ್ವ ಗಾಬರಿಯಾಗಿ, ಸೆರಗು ಎಳೆದುಕೊಂಡು, ಮಣ್ಣಿನ ಕೈಯಲ್ಲೇ ಬುಟ್ಟಿ ಇಳಿಸಿಕೊಂಡಳಂತೆ. ಮುತ್ಯಾ ನೀರು ಕೇಳಿ ಕುಡಿದು, ಹೊಸಿಲ ಮೇಲೆ ಕೂತು, “ಭಾಳ ಹೊಳ್ಳುವ ಹಾದಿ ಅವ ನಿಮ್ಮವು,” ಎಂದರಂತೆ.